ವೋಲ್ಟ್, ಆಂಪಿಯರ್ ಅಳೆದು ಓಂ, ವ್ಯಾಟ್ ಲೆಕ್ಕ ಹಾಕುವುದು ಹೇಗೆ? ಕಲಬುರಗಿಯ ಮನೆ–ಹೊಲಕ್ಕೊಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ತಿಂಗಳ ಸಂಜೆ ಕಲಬುರಗಿಯಲ್ಲಿ ಎಲ್ಲ ಮನೆಯ ಕೂಲರ್‌ಗಳು ಒಟ್ಟಿಗೆ ಚಾಲೂ ಆಗುತ್ತವೆ. ಆ ಹೊತ್ತಿಗೆ ನಿಮ್ಮ ಸಾಕೆಟ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ ಅಂತ ನಂಬಬೇಡಿ. 200 ಇರಬಹುದು, 190 ಇರಬಹುದು. ಲೈನಿನ ಕೊನೆಯಲ್ಲಿರುವ ಹೊಲದ ಮನೆಯಾದರೆ ಇನ್ನೂ ಕಡಿಮೆ. ಪುಸ್ತಕದ ಲೆಕ್ಕಗಳೆಲ್ಲ ‘230 ವೋಲ್ಟ್ ಇದೆ ಎಂದಿಟ್ಟುಕೊಳ್ಳಿ’ ಅಂತ ಶುರುವಾಗುತ್ತವೆ. ನಾವು ಹಾಗೆ ಇಟ್ಟುಕೊಳ್ಳುವುದು ಬೇಡ. ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ಅಳೆಯೋಣ. ಅದೂ ಒಂದೇ ಹೊತ್ತಿನಲ್ಲಿ, ಸಾಮಾನು ನಡೆಯುತ್ತಿರುವಾಗಲೇ. ಈ ಎರಡು ಸಂಖ್ಯೆ ಸರಿಯಾಗಿ ಸಿಕ್ಕರೆ ರೋಧ ಎಷ್ಟು ಓಂ, ಪವರ್ ಎಷ್ಟು ವ್ಯಾಟ್ ಅನ್ನೋದು ಒಂದು ಭಾಗಾಕಾರ, ಒಂದು ಗುಣಾಕಾರದ ಕೆಲಸ.

ಸೂತ್ರಕ್ಕಿಂತ ಅಳತೆಯೇ ಇಲ್ಲಿ ಕಷ್ಟದ ಭಾಗ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಜಾಸ್ತಿ ಜಾಗ.

ಮೊದಲು ಸೂತ್ರ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಅಂತ ಓದಿರುತ್ತೀರಿ. ಇಲ್ಲಿ ಅವುಗಳ ಅಳತೆಯ ಹೆಸರಲ್ಲೇ ಮಾತಾಡೋಣ.

ವೋಲ್ಟ್ ÷ ಆಂಪಿಯರ್ = ಓಂ
ವೋಲ್ಟ್ × ಆಂಪಿಯರ್ = ವ್ಯಾಟ್

ಇಷ್ಟೇ. ಇವೆರಡನ್ನು ಸೇರಿಸಿದರೆ ಇನ್ನೆರಡು ಸಿಗುತ್ತವೆ:

ಆಂಪಿಯರ್ × ಆಂಪಿಯರ್ × ಓಂ = ವ್ಯಾಟ್
ವೋಲ್ಟ್ × ವೋಲ್ಟ್ ÷ ಓಂ = ವ್ಯಾಟ್

ಯಾವಾಗ ಯಾವುದು? ವೈರ್, ಜಾಯಿಂಟ್, ಸಾಕೆಟ್ ಎಷ್ಟು ಬಿಸಿಯಾಗುತ್ತದೆ ಅನ್ನೋದಕ್ಕೆ ಆಂಪಿಯರ್ ಎರಡು ಸಲ ಬರುವ ಸೂತ್ರ. ವೋಲ್ಟೇಜ್ ಇಳಿದಾಗ ಹೀಟರ್ ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ವೋಲ್ಟ್ ಎರಡು ಸಲ ಬರುವ ಸೂತ್ರ. ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೇಲಿನ ಎರಡು ಸಾಲು ನೆನಪಿದ್ದರೆ ಉಳಿದವನ್ನು ಕಾಗದದ ಮೇಲೆ ಮಾಡಿಕೊಳ್ಳಬಹುದು.

ಈ ನಿಯಮವನ್ನು ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟ್ರಾಗಿದ್ದವನು. ಅವನಿಗೂ ನಮ್ಮ ತಾಪತ್ರಯವೇ ಇತ್ತು! ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ, ಪ್ರಯೋಗದ ನಡುವೆಯೇ ಇಳಿದುಬಿಡುತ್ತಿತ್ತು. ಕೊನೆಗೆ ಅವನು ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿದ. ಒಂದು ಜೋಡಣೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಅದರಿಂದ ಬಂದದ್ದು ತುಂಬ ಸಣ್ಣ ವೋಲ್ಟೇಜ್, ಆದರೆ ಅಲ್ಲಾಡದ ವೋಲ್ಟೇಜ್. ಆಮೇಲೆಯೇ ಲೆಕ್ಕ ಕೂಡಿ ಬಂತು. ನಮಗೆ ಆ ಅನುಕೂಲ ಇಲ್ಲ. ಹಾಗಾಗಿ ಎರಡೂ ಮೀಟರನ್ನು ಒಟ್ಟಿಗೆ ನೋಡುವುದೊಂದೇ ದಾರಿ.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಇಕ್ಕಳದಂಥ ಬಾಯಲ್ಲಿ ವೈರ್ ಹಿಡಿದು ಆಂಪಿಯರ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, ನಮ್ಮ ಎಲೆಕ್ಟ್ರಿಷಿಯನ್‌ಗಳು ‘ಟಾಂಗ್ ಟೆಸ್ಟರ್’ ಅನ್ನುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದರೆ ಎಲೆಕ್ಟ್ರಿಕ್ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಒಂದನ್ನೇ ಕೊಳ್ಳುವುದಾದರೆ ನನ್ನ ಮಾತು ಕೇಳಿ, ಕ್ಲ್ಯಾಂಪ್ ಮೀಟರನ್ನೇ ಕೊಳ್ಳಿ. ಅದರಲ್ಲಿ ವೋಲ್ಟ್ ಮತ್ತು ಓಂ ಅಳೆಯುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುತ್ತದೆ. ವೈರ್ ಕತ್ತರಿಸದೆ ಆಂಪಿಯರ್ ನೋಡಬಹುದು, ಅದೇ ದೊಡ್ಡ ಲಾಭ.

ಇನ್ನೊಂದು ಸಾಮಾನು ನೀವೇ ಮಾಡಿಕೊಳ್ಳಬೇಕು. ಮೂರು ಎಳೆಯ ದಪ್ಪ ವೈರಿನ ಒಂದು ಗಿಡ್ಡ ಎಕ್ಸ್‌ಟೆನ್ಷನ್ ತಗೊಳ್ಳಿ. ನಡುವೆ ಒಂದು ಗೇಣಿನಷ್ಟು ಹೊರಗಿನ ಹೊದಿಕೆ ಮಾತ್ರ ಸೀಳಿ ತೆಗೆಯಿರಿ. ಒಳಗಿನ ಕೆಂಪು, ಕಪ್ಪು, ಹಸಿರು ವೈರುಗಳ ಮೇಲಿನ ಪ್ಲಾಸ್ಟಿಕ್‌ಗೆ ಗೀರು ಕೂಡ ಬೀಳಬಾರದು. ಇದು ಯಾಕೆ ಅಂದರೆ, ಕ್ಲ್ಯಾಂಪ್ ಮೀಟರಿನ ಬಾಯಿಯಲ್ಲಿ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಹೊಸಬರು ‘ಮೀಟರ್ ಕೆಟ್ಟಿದೆ’ ಅಂತ ಅಂಗಡಿಗೆ ವಾಪಸ್ ತರುವುದು ಬಹುಪಾಲು ಇದೇ ಕಾರಣಕ್ಕೆ.

ಸಣ್ಣ ಕರೆಂಟ್ ಅಳೆಯಲು ಒಂದು ಉಪಾಯ ಇದೆ. ಅದೇ ಒಂಟಿ ವೈರನ್ನು ಕ್ಲ್ಯಾಂಪ್ ಬಾಯಿಯೊಳಗೆ ಐದು ಸುತ್ತು ಹಾಯಿಸಿ, ಬಂದ ಸಂಖ್ಯೆಯನ್ನು 5ರಿಂದ ಭಾಗಿಸಿ. ಫ್ಯಾನಿನಂಥ ಸಾಮಾನಿಗೆ ಹೀಗೆ ಮಾಡದಿದ್ದರೆ ಅಗ್ಗದ ಮೀಟರಿನ ಸಂಖ್ಯೆಗೆ ಅರ್ಥವಿಲ್ಲ. ಸುತ್ತು ಹಾಕುವುದು ಪ್ಲಗ್ ಕಿತ್ತ ಮೇಲೆ, ಮತ್ತು ಅದಕ್ಕೆ ತಕ್ಕ ಉದ್ದದ ವೈರ್ ಬಿಟ್ಟಿರಬೇಕು.

ಜೀವದ ವಿಷಯ

ಒದ್ದೆ ಮೈಯ ರೋಧ ಸುಮಾರು 1000 ಓಂ ಅಂತ ಹಿಡಿಯುತ್ತಾರೆ. 230 ÷ 1000 = 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಕರೆಂಟ್ ಸೋರಿದರೆ ಕಾಪಾಡಲು ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್‌ಗೇ ಲೈನ್ ಕಡಿತ ಮಾಡಲಿ ಅಂತ ಇಟ್ಟಿರುವುದು. ಲೆಕ್ಕ ನಿಮಗೇ ಅರ್ಥವಾಯಿತು ಅಲ್ವಾ?

ಹಾಗಾಗಿ ಮೂರು ಮಾತು ಕಟ್ಟುನಿಟ್ಟು. ಓಂ ಅಳೆಯುವಾಗ ಸಾಮಾನಿನ ಪ್ಲಗ್ ಕಿತ್ತು ಕೈಯಲ್ಲಿ ಇರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಮಲ್ಟಿಮೀಟರಿನ ಕೆಂಪು ವೈರ್ ‘10 ಆಂಪಿಯರ್’ ತೂತಿನಲ್ಲಿ ಇರುವಾಗ ಅದನ್ನು ಯಾವತ್ತೂ ಸಾಕೆಟ್‌ಗೆ ಚುಚ್ಚಬೇಡಿ. ಆ ತೂತಿನ ಒಳಗೆ ರೋಧ ಹೆಚ್ಚುಕಡಿಮೆ ಸೊನ್ನೆ, ನೇರ ಶಾರ್ಟ್ ಆಗಿ ಮೀಟರ್ ಕೈಯಲ್ಲೇ ಸಿಡಿಯಬಹುದು. ಮೂರನೆಯದು, ನೀರು ಕಾಯಿಸುವ ರಾಡ್ ಚಾಲೂ ಇರುವಾಗ ಬಕೆಟ್ಟಿಗೆ ಬೆರಳು ಅದ್ದಿ ಬಿಸಿ ನೋಡಬೇಡಿ. ಹತ್ತನೇ ತರಗತಿಯ ಮಕ್ಕಳು ಈ ಬರಹ ಓದುತ್ತಿದ್ದರೆ ಮುಂದಿನ ಭಾಗದ 12 ವೋಲ್ಟ್ ಪ್ರಯೋಗ ಮಾತ್ರ ಮಾಡಿ. ಉಳಿದದ್ದನ್ನು ಕೆಲಸ ಬಲ್ಲ ದೊಡ್ಡವರು ಮಾಡಲಿ, ನೀವು ಲೆಕ್ಕ ಬರೆದುಕೊಳ್ಳಿ.

ಹೆಜ್ಜೆ 1: ಬೈಕ್ ಬ್ಯಾಟರಿ, ಇಂಡಿಕೇಟರ್ ಬಲ್ಬ್

ಕೈ ಕುದುರಲು ಇದಕ್ಕಿಂತ ಒಳ್ಳೆಯದಿಲ್ಲ. 12 ವೋಲ್ಟಿನ ಬ್ಯಾಟರಿ, 10 ವ್ಯಾಟಿನ ಹಳೆ ನಮೂನೆಯ ಫಿಲಮೆಂಟ್ ಬಲ್ಬ್, ಎರಡು ತುಂಡು ವೈರ್, ನಡುವೆ ಒಂದು ಸಣ್ಣ ಫ್ಯೂಸ್.

ಮಲ್ಟಿಮೀಟರನ್ನು 10 ಆಂಪಿಯರ್ ಡಿಸಿಗೆ ತಿರುಗಿಸಿ, ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್, ಫ್ಯೂಸ್‌ನಿಂದ ಮೀಟರ್, ಮೀಟರ್‌ನಿಂದ ಬಲ್ಬ್, ಬಲ್ಬ್‌ನಿಂದ ನೆಗೆಟಿವ್. ಅಂದರೆ ಕರೆಂಟು ಮೀಟರಿನ ಒಳಗಿಂದಲೇ ಹಾದು ಹೋಗಬೇಕು. ವೋಲ್ಟ್ ಅಳೆಯುವಾಗ ಹಾಗಲ್ಲ. ಆಗ ಮೀಟರನ್ನು ನಡುವಿನಿಂದ ತೆಗೆದು ಫ್ಯೂಸನ್ನು ನೇರ ಬಲ್ಬಿಗೆ ಜೋಡಿಸಿ, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಿ, ಉರಿಯುತ್ತಿರುವ ಬಲ್ಬಿನ ಎರಡು ತುದಿಗೆ ಮೀಟರ್ ಮುಟ್ಟಿಸಬೇಕು. ಎರಡು ಮೀಟರ್ ಇದ್ದರೆ ಎರಡನ್ನೂ ಒಟ್ಟಿಗೆ ಜೋಡಿಸಿ, ಬದಲಿಸುವ ಕಿರಿಕಿರಿಯೇ ಇರುವುದಿಲ್ಲ.

12.4 ವೋಲ್ಟ್, 0.86 ಆಂಪಿಯರ್ ಬಂತು ಅಂದುಕೊಳ್ಳಿ.

12.4 ÷ 0.86 = 14.4 ಓಂ
12.4 × 0.86 = 10.7 ವ್ಯಾಟ್

ಮೀಟರ್ 860 ಮಿಲಿಆಂಪಿಯರ್ ಅಂತ ತೋರಿಸಿದರೆ ಮೊದಲು 1000ದಿಂದ ಭಾಗಿಸಿ. ಇದನ್ನು ಮರೆತರೆ ಬಲ್ಬು ಹತ್ತು ಸಾವಿರ ವ್ಯಾಟ್ ಉಣ್ಣುತ್ತದೆ, ರೋಧ 0.014 ಓಂ ಆಗುತ್ತದೆ. ಉತ್ತರ ಬಂದ ಮೇಲೆ ‘ಇದು ನಂಬುವಂಥದ್ದಾ?’ ಅಂತ ಒಂದು ಸಲ ಕೇಳಿಕೊಳ್ಳಿ.

ಈಗ ಬಲ್ಬನ್ನು ಬಿಚ್ಚಿ. ತಣ್ಣಗಾಗಲಿ. ಮೀಟರನ್ನು ಓಂಗೆ, ಅಂದರೆ ಕುದುರೆ ಲಾಳದ ಆಕಾರದ ಗುರುತಿಗೆ ತಿರುಗಿಸಿ ಬಲ್ಬನ್ನು ಅಳೆಯಿರಿ. 14 ಓಂ ಬರುವುದಿಲ್ಲ. ಒಂದೋ ಒಂದೂವರೆಯೋ ಓಂ ಬರುತ್ತದೆ. ಮೀಟರ್ ತಪ್ಪಲ್ಲ, ಲೆಕ್ಕವೂ ತಪ್ಪಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಉರಿಯುವಾಗ 2000 ಡಿಗ್ರಿಗೂ ಮೇಲೆ ಕಾಯುತ್ತದೆ, ಆಗ ಅದರ ರೋಧ ತಣ್ಣಗಿರುವಾಗಿನ ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ. ಮನೆಯ ಹಳೆ 100 ವ್ಯಾಟ್ ಬಲ್ಬಿನದೂ ಇದೇ ಕಥೆ. ಉರಿಯುವಾಗ 529 ಓಂ, ತಣ್ಣಗೆ ಅಳೆದರೆ 40ರ ಆಸುಪಾಸು. ಸ್ವಿಚ್ ಒತ್ತಿದ ಆ ಒಂದು ಕ್ಷಣ ಐದಾರು ಆಂಪಿಯರ್ ನುಗ್ಗುತ್ತದೆ. ಬಲ್ಬುಗಳು ಹೆಚ್ಚಾಗಿ ಹಾಕುವಾಗಲೇ ‘ಟಪ್’ ಅಂತ ಹೋಗುವುದು ಅದಕ್ಕೇ.

ಓಂ ಮೀಟರ್ ಇದ್ದರೂ ವೋಲ್ಟ್ ಮತ್ತು ಆಂಪಿಯರಿನಿಂದ ರೋಧ ಕಂಡುಹಿಡಿಯಬೇಕು ಅನ್ನೋದು ಸುಮ್ನೆ ಪರೀಕ್ಷೆಗಾಗಿ ಅಲ್ಲ. ಕೆಲಸ ಮಾಡುತ್ತಿರುವಾಗಿನ ರೋಧ ತಿಳಿಯಲು ಇದೇ ದಾರಿ.

ಹೆಜ್ಜೆ 2: ನೀರು ಕಾಯಿಸುವ ರಾಡ್

230 ವೋಲ್ಟಿನಲ್ಲಿ ಸೂತ್ರ ಅಚ್ಚುಕಟ್ಟಾಗಿ ಕೂಡುವ ಸಾಮಾನು ಅಂದರೆ ಹೀಟರ್, ಇಸ್ತ್ರಿ ಪೆಟ್ಟಿಗೆ, ಗೀಸರ್. ಇವುಗಳಲ್ಲಿ ಇರುವುದು ನೈಕ್ರೋಮ್ ತಂತಿ. ಕಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ.

ರಾಡಿನ ಮೇಲೆ 230 ವೋಲ್ಟ್, 1000 ವ್ಯಾಟ್ ಅಂತ ಬರೆದಿದೆ. ಹಾಗಾದರೆ ಇರಬೇಕಾದ ರೋಧ:

230 × 230 ÷ 1000 = 52.9 ಓಂ

ರಾಡನ್ನು ನೀರಿನಲ್ಲಿ ಇಟ್ಟು, ನಮ್ಮ ಸೀಳಿದ ಎಕ್ಸ್‌ಟೆನ್ಷನ್ ಮೂಲಕ ಹಾಕಿ. ಕ್ಲ್ಯಾಂಪನ್ನು ಕೆಂಪು ವೈರಿಗೆ ಹಿಡಿಯಿರಿ. ಎಕ್ಸ್‌ಟೆನ್ಷನ್ನಿನ ಇನ್ನೊಂದು ಸಾಕೆಟ್‌ನಲ್ಲಿ ಎಸಿ ವೋಲ್ಟ್ ನೋಡಿ. ಸಂಜೆ 188 ವೋಲ್ಟ್, 3.5 ಆಂಪಿಯರ್ ಬಂದರೆ:

188 ÷ 3.5 = 53.7 ಓಂ
188 × 3.5 = 658 ವ್ಯಾಟ್

ರೋಧ ಬರೆದದ್ದಕ್ಕೆ ಹತ್ತಿರವೇ ಇದೆ, ರಾಡ್ ಸರಿಯಾಗಿದೆ. ಪವರ್ ಮಾತ್ರ ಸಾವಿರದಿಂದ 658ಕ್ಕೆ ಬಿದ್ದಿದೆ. ವೋಲ್ಟೇಜ್ ಇಳಿದದ್ದು ನೂರಕ್ಕೆ 18ರಷ್ಟು, ಪವರ್ ಇಳಿದದ್ದು ನೂರಕ್ಕೆ 34ರಷ್ಟು. ವೋಲ್ಟ್ ಎರಡು ಸಲ ಗುಣಿಸುವ ಸೂತ್ರದ ಮಹಿಮೆ ಇದು. ಇದೇ ಜಾಗದಲ್ಲಿ ಓಂ 75ಕ್ಕೋ 80ಕ್ಕೋ ಏರಿದ್ದರೆ ತಪ್ಪು ಲೈನಿನದಲ್ಲ, ರಾಡಿನ ಅಥವಾ ಅದರ ಪ್ಲಗ್ಗಿನದು. ಒಂದು ಭಾಗಾಕಾರದಿಂದ ಇಷ್ಟು ಗೊತ್ತಾಗುತ್ತದೆ.

ಬೇಸಿಗೆಯ ಕಲಬುರಗಿಯಲ್ಲಿ ರಾಡ್ ಯಾರಿಗೆ ಬೇಕು, ತಾರಸಿಯ ಟ್ಯಾಂಕಿನಿಂದಲೇ ಬಿಸಿನೀರು ಬರುತ್ತದೆ. ಬೀದರಿನ ಡಿಸೆಂಬರ್ ಬೆಳಗ್ಗೆ ಲೆಕ್ಕ ಬೇರೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಬೇಕು. ಒಂದು ಲೀಟರಿಗೆ ಒಂದು ಡಿಗ್ರಿಗೆ ಸುಮಾರು 4186 ಜೂಲ್ ಬೇಕು. 15 × 25 × 4186 ಅಂದರೆ ಹತ್ತಿರ ಹತ್ತಿರ 15 ಲಕ್ಷ 70 ಸಾವಿರ ಜೂಲ್. ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್. ಸಾವಿರ ವ್ಯಾಟ್ ಸಿಕ್ಕರೆ 1570 ಸೆಕೆಂಡ್, 26 ನಿಮಿಷ. 658 ವ್ಯಾಟ್ ಆದರೆ 40 ನಿಮಿಷ. ಮನೆಯಲ್ಲಿ ಅವ್ವ ‘ಈ ರಾಡ್ ಸತ್ತಿದೆ, ಬದಲಿಸು’ ಅಂದರೆ ಅಂಗಡಿಗೆ ಓಡುವ ಮೊದಲು ವೋಲ್ಟ್ ನೋಡಿ. ಕರೆಂಟ್ ಬಿಲ್ಲಿಗೆ ಮಾತ್ರ ಹೆಚ್ಚು ವ್ಯತ್ಯಾಸ ಇಲ್ಲ. ಕಡಿಮೆ ಪವರ್, ಜಾಸ್ತಿ ಹೊತ್ತು, ಯೂನಿಟ್ ಹೆಚ್ಚುಕಡಿಮೆ ಅಷ್ಟೇ.

ಸಾಕೆಟ್ ತಡೆಯುತ್ತದಾ?

ಚಿಕ್ಕ ಸಾಕೆಟ್ 6 ಆಂಪಿಯರಿನದು. 6 × 230 = 1380 ವ್ಯಾಟ್. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಅಡ್ಡಿ ಇಲ್ಲ. 1500 ವ್ಯಾಟಿನ ರಾಡ್ 6.5 ಆಂಪಿಯರ್. ಆದರೂ ಜನ ಅದನ್ನು ಚಿಕ್ಕ ಸಾಕೆಟ್‌ಗೇ ಹಾಕುತ್ತಾರೆ. ಮೊದಲ ದಿನ ಏನೂ ಆಗುವುದಿಲ್ಲ. ಕೆಲವು ತಿಂಗಳಲ್ಲಿ ತೂತಿನ ಸುತ್ತ ಕಂದು ಬಣ್ಣ ಕಾಣುತ್ತದೆ. 2000 ವ್ಯಾಟಿನ ಗೀಸರಿಗೆ 8.7 ಆಂಪಿಯರ್, ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು.

ಹೆಜ್ಜೆ 3: ಲೂಸ್ ಜಾಯಿಂಟ್ ಹಿಡಿಯುವುದು

ನನ್ನ ಪ್ರಕಾರ ಇಡೀ ವಿಷಯದಲ್ಲಿ ಮನೆಗೆ ಅತಿ ಉಪಯೋಗದ ಲೆಕ್ಕ ಇದು. ಇದಕ್ಕೆ ಬೇಕಾದ್ದು ಅದೇ ಸಾವಿರ ವ್ಯಾಟಿನ ರಾಡ್ ಅಥವಾ ಇಸ್ತ್ರಿ ಪೆಟ್ಟಿಗೆ, ಅದೇ ಎಕ್ಸ್‌ಟೆನ್ಷನ್.

ಅಡುಗೆಮನೆ ಸಾಕೆಟ್‌ನಲ್ಲಿ ಏನೂ ಹಾಕದೆ ವೋಲ್ಟ್ ನೋಡಿ: 222. ರಾಡ್ ಚಾಲೂ ಮಾಡಿ ನೋಡಿ: 218 ವೋಲ್ಟ್, 4.1 ಆಂಪಿಯರ್. ಇಳಿದದ್ದು 4 ವೋಲ್ಟ್. 4 ÷ 4.1 = ಸುಮಾರು 1 ಓಂ. ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಸಾಕೆಟ್‌ವರೆಗಿನ ಎಲ್ಲ ವೈರ್, ಎಲ್ಲ ಜಾಯಿಂಟು ಸೇರಿ ಬಂದ ರೋಧ ಅದು.

ಈಗ ಬಚ್ಚಲಿನ ಸಾಕೆಟ್. ಖಾಲಿ ಇದ್ದಾಗ 222, ರಾಡ್ ಹಾಕಿದಾಗ 212 ವೋಲ್ಟ್, 4 ಆಂಪಿಯರ್. 10 ÷ 4 = 2.5 ಓಂ. ಒಂದೇ ಮನೆ, ಒಂದೇ ಮೀಟರ್, ಆದರೂ ಒಂದೂವರೆ ಓಂ ಜಾಸ್ತಿ. ಈ ಒಂದೂವರೆ ಓಂ ಎಲ್ಲೋ ಕೂತಿದೆ. ಉದ್ದ ವೈರಿನಲ್ಲಿ ಹರಡಿದ್ದರೆ ಅಷ್ಟು ಚಿಂತೆ ಇಲ್ಲ. ಒಂದು ಸಡಿಲ ಸ್ಕ್ರೂನಲ್ಲಿ ಕೂತಿದ್ದರೆ?

4 × 4 × 1.5 = 24 ವ್ಯಾಟ್

ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದನ್ನು ಗೋಡೆಯೊಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಮುಚ್ಚಿದ ಹಾಗಾಯಿತು. ಗೀಸರ್ ಹಾಕಿದರೆ ಆಂಪಿಯರ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಎಂಸಿಬಿ ಬೀಳುವುದಿಲ್ಲ, ಯಾಕೆಂದರೆ ಕರೆಂಟ್ ಮಿತಿಯೊಳಗೇ ಇದೆ. ಮನೆಯ ಎಂಸಿಬಿಗೆ ಆಂಪಿಯರ್ ಗೊತ್ತೇ ಹೊರತು ಜಾಯಿಂಟಿನ ಓಂ ಗೊತ್ತಿಲ್ಲ.

ಈ ಅಳತೆಯನ್ನು ಒಂದೇ ಸಲ ಮಾಡಿ ನಂಬಬೇಡಿ. ನೀವು ನೋಡುವ ಗಳಿಗೆಯಲ್ಲೇ ಪಕ್ಕದ ಮನೆಯವರು ಮೋಟರ್ ಹಾಕಿದರೆ ವೋಲ್ಟ್ ತಾನಾಗೇ ಇಳಿಯುತ್ತದೆ. ಖಾಲಿ, ಲೋಡ್, ಖಾಲಿ, ಲೋಡ್ ಅಂತ ಕೆಲವು ಸಲ ಬದಲಿಸಿ ನೋಡಿ. ಬೆಳಗಿನ ಜಾವ ಮಾಡಿದರೆ ಇನ್ನೂ ಒಳ್ಳೆಯದು, ಲೈನ್ ಶಾಂತವಾಗಿರುತ್ತದೆ. ತಪ್ಪು ಕಂಡ ಸಾಕೆಟ್ಟನ್ನು ಮೇನ್ ಆಫ್ ಮಾಡಿ ಬಿಚ್ಚಿ, ಸ್ಕ್ರೂ ಬಿಗಿ ಮಾಡಿ, ಕರಕಲಾದ ತುದಿ ಕತ್ತರಿಸಿ ಹೊಸದಾಗಿ ಸಿಕ್ಕಿಸಿ, ಮತ್ತೆ ಅಳೆಯಿರಿ. ಎಲ್ಲ ಸಾಕೆಟ್‌ನಲ್ಲೂ ಒಂದೇ ಥರ ಜಾಸ್ತಿ ಓಂ ಬಂದರೆ ಸಮಸ್ಯೆ ಮೇನ್ ಬೋರ್ಡಿನಲ್ಲೋ ಕಂಬದಲ್ಲೋ ಇರಬಹುದು. ಕಂಬದ ಕಡೆಯದು ಜೆಸ್ಕಾಂ ಲೈನ್‌ಮನ್ ಕೆಲಸ. ಏಣಿ ಹಾಕಬೇಡಿ, ದೂರು ಕೊಡಿ.

ಹೆಜ್ಜೆ 4: ಬೋರಿಗೆ ಎಳೆದ ವೈರ್

ಜೇವರ್ಗಿ ಕಡೆ ಒಂದು ಹೊಲದ ಮನೆ ಅಂದುಕೊಳ್ಳಿ. ಮೀಟರ್ ಬೋರ್ಡಿನಿಂದ ಬೋರ್‌ವೆಲ್‌ಗೆ 150 ಮೀಟರ್. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರ್, 8 ಆಂಪಿಯರ್ ಎಳೆಯುತ್ತದೆ. ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಂ. ಹೋಗಲು 150, ಬರಲು 150, ಒಟ್ಟು 300 ಮೀಟರ್. ಈ ‘ಬರುವ’ ಲೆಕ್ಕ ಮರೆತರೆ ಉತ್ತರ ಅರ್ಧಕ್ಕರ್ಧ ತಪ್ಪುತ್ತದೆ.

7.4 × 0.3 = 2.22 ಓಂ
8 × 2.22 = 17.8 ವೋಲ್ಟ್ ವೈರಿನಲ್ಲೇ ಖರ್ಚು
8 × 8 × 2.22 = 142 ವ್ಯಾಟ್ ವೈರ್ ಕಾಯಿಸಲು

ಬೋರ್ಡಿನಲ್ಲಿ 200 ಇದ್ದರೆ ಮೋಟರಿಗೆ ತಲುಪುವುದು 182. 4 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಕಿಲೋಮೀಟರಿಗೆ 4.6 ಓಂ, ಒಟ್ಟು 1.38. ಇಳಿಯುವುದು 11 ವೋಲ್ಟ್, ನಷ್ಟ 88 ವ್ಯಾಟ್. 6 ಸ್ಕ್ವೇರ್ ಎಂಎಂ ಆದರೆ ಏಳೂವರೆ ವೋಲ್ಟಿನೊಳಗೇ ಮುಗಿಯಿತು. ದಪ್ಪ ವೈರಿನ ದುಡ್ಡು ಒಂದು ಸಲದ್ದು, ಸುಟ್ಟ ಮೋಟರಿನ ರಿವೈಂಡಿಂಗ್ ದುಡ್ಡು ಪದೇ ಪದೇ ಬರುವಂಥದ್ದು. ಅಲ್ಯೂಮಿನಿಯಂ ವೈರ್ ಅಗ್ಗ, ಆದರೆ ಅದೇ ದಪ್ಪಕ್ಕೆ ರೋಧ ತಾಮ್ರದ ಸುಮಾರು 1.6 ಪಟ್ಟು. ಅಗ್ಗ ನೋಡುವವರು ಇದನ್ನೂ ನೋಡಲಿ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ವೈರ್ ಕಂಪನಿಗಳು ಕೊಡುವ ಓಂ 20 ಡಿಗ್ರಿಯದು. ತಾಮ್ರ ಒಂದು ಡಿಗ್ರಿ ಕಾದರೆ ರೋಧ ನೂರಕ್ಕೆ 0.39ರಷ್ಟು ಏರುತ್ತದೆ. ಮೇ ತಿಂಗಳಲ್ಲಿ ಬದುವಿನ ಮೇಲೆ ಬಿಸಿಲಿಗೆ ಬಿದ್ದ ಕರಿ ವೈರ್ 65 ಡಿಗ್ರಿ ಮುಟ್ಟಿದೆ ಅಂದರೆ ಏರಿಕೆ 45 ಡಿಗ್ರಿ, ರೋಧ ನೂರಕ್ಕೆ 18ರಷ್ಟು ಜಾಸ್ತಿ. 2.22 ಓಂ ಹೋಗಿ 2.6 ಆಯಿತು. 18 ವೋಲ್ಟಿನ ಇಳಿತ 21 ಆಯಿತು. ಲೈನ್ ವೋಲ್ಟೇಜ್ ಅತಿ ಕಡಿಮೆ ಇರುವ ತಿಂಗಳಲ್ಲೇ ವೈರಿನ ರೋಧವೂ ಅತಿ ಜಾಸ್ತಿ. ಸಾಧ್ಯವಾದರೆ ವೈರನ್ನು ಪೈಪಿನೊಳಗೆ ಹಾಕಿ ಮಣ್ಣಿನಲ್ಲಿ ಹೂಳಿ.

ಈಗಾಗಲೇ ಹಾಕಿದ ವೈರಿನ ರೋಧ ತಿಳಿಯಬೇಕಾ? ಮೋಟರ್ ನಡೆಯುವಾಗ ಬೋರ್ಡಿನಲ್ಲಿ ಒಬ್ಬರು, ಬೋರಿನ ಬಳಿ ಒಬ್ಬರು ಮೀಟರ್ ಹಿಡಿದು ಫೋನಿನಲ್ಲಿ ಒಂದೇ ಹೊತ್ತಿಗೆ ವೋಲ್ಟ್ ಓದಿ. ವ್ಯತ್ಯಾಸವನ್ನು ಆಂಪಿಯರಿನಿಂದ ಭಾಗಿಸಿ. 204 ಮತ್ತು 185 ಬಂದು, 8 ಆಂಪಿಯರ್ ಇದ್ದರೆ 19 ÷ 8 = 2.4 ಓಂ. ಮೋಟರಿನ ಲೋಡ್ ಆದ್ದರಿಂದ ಈ ಸಂಖ್ಯೆ ನಿಜಕ್ಕಿಂತ ಸ್ವಲ್ಪ ಕಡಿಮೆ ಬಂದಿರುತ್ತದೆ. ನೂರಕ್ಕೆ ನೂರು ಬೇಕು ಅನ್ನುವವರು ಮೋಟರ್ ಬದಲು ರಾಡ್ ಹಾಕಿ ಅಳೆಯಲಿ.

ಹೆಜ್ಜೆ 5: ಕೂಲರ್, ಸೂತ್ರ ಕೈಕೊಡುವ ಜಾಗ

ಕೂಲರಿನ ಮೋಟರ್ ಸುರುಳಿಯನ್ನು ಪ್ಲಗ್ ಕಿತ್ತು ಓಂ ಮೀಟರಿನಲ್ಲಿ ಅಳೆದರೆ 30 ಓಂ ಬಂತು ಅಂದುಕೊಳ್ಳಿ. 230 × 230 ÷ 30 = 1763 ವ್ಯಾಟ್. ಕೂಲರ್ ಅಷ್ಟು ಎಳೆಯುವುದೇ ಇಲ್ಲ. ಯಾಕೆ ಹೀಗೆ? ಸುರುಳಿಯಲ್ಲಿ ಎಸಿ ಹರಿಯುವಾಗ ತಾಮ್ರದ ರೋಧವಷ್ಟೇ ಅಲ್ಲ, ಅದರ ಅಯಸ್ಕಾಂತ ಗುಣವೂ ಕರೆಂಟನ್ನು ತಡೆಯುತ್ತದೆ. ಮೋಟರ್ ತಿರುಗುವಾಗ ತನ್ನೊಳಗೇ ಎದುರು ವೋಲ್ಟೇಜನ್ನೂ ಹುಟ್ಟಿಸುತ್ತದೆ. ಓಂ ಮೀಟರಿಗೆ ಇವೆರಡೂ ಕಾಣುವುದಿಲ್ಲ.

ವೋಲ್ಟ್ × ಆಂಪಿಯರ್ ಕೂಡ ಇಲ್ಲಿ ನೇರ ವ್ಯಾಟ್ ಅಲ್ಲ. 226 ವೋಲ್ಟ್, 0.9 ಆಂಪಿಯರ್ ಬಂದರೆ ಗುಣಲಬ್ಧ 203. ಇದನ್ನು ವೋಲ್ಟ್-ಆಂಪಿಯರ್ ಅಂತಲೇ ಕರೆಯಬೇಕು. ನಿಜವಾದ ವ್ಯಾಟ್ ಬೇಕಾದರೆ ಇದನ್ನು ಪವರ್ ಫ್ಯಾಕ್ಟರಿನಿಂದ ಗುಣಿಸಬೇಕು. ಅದು 1ಕ್ಕಿಂತ ಕಡಿಮೆ ಇರುವ ಸಂಖ್ಯೆ. ಫ್ಯಾನ್, ಮಿಕ್ಸರ್, ಫ್ರಿಜ್, ಪಂಪ್ ಎಲ್ಲಕ್ಕೂ ಹೀಗೇ. ಎಲ್‌ಇಡಿ ಬಲ್ಬಿಗಂತೂ ಸ್ಥಿರವಾದ ಓಂ ಅಂತಲೇ ಇಲ್ಲ, ಒಳಗೆ ಸರ್ಕ್ಯೂಟ್ ಇದೆ, ಅದನ್ನು ಲೆಕ್ಕ ಹಾಕಲು ಹೋಗಬೇಡಿ.

ಇನ್ನೊಂದು ಉಲ್ಟಾ ವಿಷಯ. ವೋಲ್ಟೇಜ್ ಇಳಿದರೆ ರಾಡಿನ ಆಂಪಿಯರ್ ಇಳಿಯುತ್ತದೆ. ಪಂಪಿನ ಮೋಟರಿನದು ಏರುತ್ತದೆ! ನೀರೆತ್ತುವ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಕಡಿಮೆ ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. 8 ಇದ್ದದ್ದು 10 ಆದರೆ ಸುರುಳಿಯ ಬಿಸಿ 64ರಿಂದ 100ಕ್ಕೆ ಏರಿದ ಹಾಗೆ. ಲೋ ವೋಲ್ಟೇಜಿನಲ್ಲಿ ಮೋಟರ್ ಸುಡುವುದು ಹೀಗೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಆಂಪಿಯರ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಪದೇ ಪದೇ ಬೀಳುತ್ತಿದ್ದರೆ ಅದನ್ನು ತಿರುಗಿಸಿ ಮೇಲೆ ಏರಿಸುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲಿ. ದಯವಿಟ್ಟು ಬೇಡ. ಮೊದಲು ಕ್ಲ್ಯಾಂಪ್ ಹಿಡಿದು ಆಂಪಿಯರ್ ನೋಡಿ, ಮೋಟರಿನ ಪಟ್ಟಿಯ ಮೇಲೆ ಬರೆದ ಆಂಪಿಯರಿಗೆ ಹೋಲಿಸಿ.

ತ್ರೀ ಫೇಸ್ ಮೋಟರ್, ಅಂದರೆ 5 ಎಚ್‌ಪಿ ಪಂಪ್ ಅಥವಾ ತೊಗರಿ ದಾಲ್ ಮಿಲ್ಲಿನ ಮೋಟರ್ ಆದರೆ ಎರಡು ಫೇಸ್ ನಡುವಿನ ವೋಲ್ಟ್ × ಆಂಪಿಯರ್ × 1.732 × ಪವರ್ ಫ್ಯಾಕ್ಟರ್. 400 × 8.5 × 1.732 × 0.8 = ಸುಮಾರು 4700 ವ್ಯಾಟ್. 5 ಎಚ್‌ಪಿ ಅಂದರೆ 3730 ವ್ಯಾಟ್ ಅಲ್ವಾ ಅಂತ ಕೇಳಬಹುದು. ಅದು ಶಾಫ್ಟಿನಲ್ಲಿ ಸಿಗುವ ಪವರ್. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮೂರೂ ಫೇಸಿನ ಆಂಪಿಯರ್ ಬೇರೆ ಬೇರೆ ಅಳೆಯಿರಿ. ಒಂದರಲ್ಲಿ ಸೊನ್ನೆ ಬಂದರೆ ತಕ್ಷಣ ಬಂದ್ ಮಾಡಿ.

ಹೆಜ್ಜೆ 6: ಮನೆಯ ಮೀಟರೇ ವ್ಯಾಟ್ ಮೀಟರ್

ಪವರ್ ಫ್ಯಾಕ್ಟರ್ ಗೊತ್ತಿಲ್ಲ, ವ್ಯಾಟ್ ಮೀಟರ್ ಕೊಳ್ಳಲು ದುಡ್ಡಿಲ್ಲ. ಆದರೂ ನಿಜವಾದ ವ್ಯಾಟ್ ತಿಳಿಯಬಹುದು. ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪ ಇದೆ. ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 3200 ಅಂತ ಇದೆ ಅಂದುಕೊಳ್ಳಿ, ನಿಮ್ಮದರಲ್ಲಿ ಬೇರೆ ಇದ್ದರೆ ಅದನ್ನೇ ಬಳಸಿ. ಒಂದು ಯೂನಿಟ್ ಅಂದರೆ ಸಾವಿರ ವ್ಯಾಟ್ ಒಂದು ಗಂಟೆ, ಅಂದರೆ 36 ಲಕ್ಷ ಜೂಲ್.

36,00,000 ÷ 3200 = ಒಂದು ಮಿಣುಕಿಗೆ 1125 ಜೂಲ್

ಮನೆಯ ಎಲ್ಲವನ್ನೂ ಆಫ್ ಮಾಡಿ, ಫ್ರಿಜ್ ಮತ್ತು ಇನ್ವರ್ಟರ್ ಕೂಡ. ಕೂಲರ್ ಒಂದನ್ನೇ ಹಾಕಿ. ಒಂದು ಮಿಣುಕಿಗೆ ‘ಸೊನ್ನೆ’ ಅಂತ ಫೋನಿನ ಸ್ಟಾಪ್‌ವಾಚ್ ಶುರು ಮಾಡಿ, ಹತ್ತನೆಯದಕ್ಕೆ ನಿಲ್ಲಿಸಿ. ಮೊದಲನೆಯದನ್ನು ‘ಒಂದು’ ಅಂತ ಎಣಿಸಿದರೆ ಲೆಕ್ಕದಲ್ಲಿ ಒಂದು ಮಿಣುಕು ತಪ್ಪುತ್ತದೆ. 62 ಸೆಕೆಂಡ್ ಬಂದರೆ:

10 × 1125 ÷ 62 = 181 ವ್ಯಾಟ್

ಕ್ಲ್ಯಾಂಪಿನಿಂದ 203 ವೋಲ್ಟ್-ಆಂಪಿಯರ್ ಬಂದಿತ್ತು. 181 ÷ 203 = 0.89. ಕೂಲರಿನ ಪವರ್ ಫ್ಯಾಕ್ಟರ್ ಸಿಕ್ಕೇಬಿಟ್ಟಿತು. ರಾಡಿಗೆ ಇದೇ ಪರೀಕ್ಷೆ ಮಾಡಿದರೆ ಎರಡೂ ಸಂಖ್ಯೆ ಒಂದಕ್ಕೊಂದು ಹೊಂದಬೇಕು. ತುಂಬ ವ್ಯತ್ಯಾಸ ಬಂದರೆ ನಿಮ್ಮ ಕ್ಲ್ಯಾಂಪ್ ಮೀಟರನ್ನು ಅನುಮಾನಿಸಿ.

ಇಲ್ಲಿಂದ ಯೂನಿಟ್ ದೂರವಿಲ್ಲ. 181 ವ್ಯಾಟ್ ದಿನಕ್ಕೆ 12 ಗಂಟೆ, 30 ದಿನ: 181 × 12 × 30 ÷ 1000 = 65 ಯೂನಿಟ್. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಚಾಲನೆ ಸಿಕ್ಕ ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಎರಡು ಕೂಲರ್ ಇದ್ದರೆ ಅದರಲ್ಲಿ 130 ಅಲ್ಲೇ ಹೋಯಿತು. ಉಳಿದ 70ರಲ್ಲಿ ಫ್ರಿಜ್, ಫ್ಯಾನ್, ಟಿವಿ, ಪಂಪ್. ಫ್ರಿಜ್ ಆಗಾಗ ನಿಂತು ಚಾಲೂ ಆಗುವುದರಿಂದ ಅದಕ್ಕೆ ಹತ್ತು ಮಿಣುಕಿನ ಲೆಕ್ಕ ಸಾಲದು. ಬೇರೆಲ್ಲ ಆಫ್ ಮಾಡಿ, ಮಲಗುವ ಮುಂಚೆ ಎರಡು ಗಂಟೆ ಅದೊಂದನ್ನೇ ಬಿಟ್ಟು, ಮೀಟರಿನ ಯೂನಿಟ್ಟನ್ನು ದಶಾಂಶದ ಸಮೇತ ಮೊದಲು ಮತ್ತು ಆಮೇಲೆ ಬರೆದುಕೊಳ್ಳಿ. ವ್ಯತ್ಯಾಸವನ್ನು 12ರಿಂದ ಗುಣಿಸಿದರೆ ದಿನದ ಯೂನಿಟ್.